ಸಹಿಗೆ ಮೊದಲು ಗೀಟು

ಪದವಿ ಪಡೆದ ಹೆಣ್ಣುಮಕ್ಕಳೇ, ಹೊಗಳುವ ಕೆಲಸವನ್ನು ಪ್ರಾಂಶುಪಾಲರು ಆಗಲೇ ಮುಗಿಸಿದ್ದಾರೆ. ನಾನು ರಾಜಕೀಯಕ್ಕೇ ಬರುತ್ತೇನೆ.

224 ಸ್ಥಾನಗಳ ನಮ್ಮ ವಿಧಾನಸಭೆಗೆ 2023ರಲ್ಲಿ ಗೆದ್ದುಬಂದ ಮುಸ್ಲಿಂ ಹೆಣ್ಣುಮಗಳು ಒಬ್ಬರೇ, ಕಲಬುರಗಿ ಉತ್ತರದ ಕನೀಜ್ ಫಾತಿಮಾ. ಪತಿ ಖಮರುಲ್ ಇಸ್ಲಾಂ ತೀರಿಕೊಂಡ ಮೇಲೆ ಅವರ ಕ್ಷೇತ್ರಕ್ಕೆ ನಿಂತವರು. ಆಕೆಯ ದುಡಿಮೆಯನ್ನು ಹಗುರ ಮಾಡುತ್ತಿಲ್ಲ. ಅಂಥ ಮನೆತನವಿಲ್ಲದ ಹುಡುಗಿಗೆ ಬಿ ಫಾರಂ ಕೊಡುವವರು ಯಾರು? ತಾಲ್ಲೂಕು ಪಂಚಾಯಿತಿ ಟಿಕೆಟ್ ಕೇಳಲು ಹೋದ ನನಗೆ ಸಿಕ್ಕ ಉತ್ತರ: "ನಿಮ್ಮವರು ಜಾಸ್ತಿ ಇರೋ ಕಡೆ ಆದ್ರೆ ನೋಡೋಣಮ್ಮ." ಮನೆಯಲ್ಲಿ ಇನ್ನೊಂದು: "ಸ್ಟೇಜ್ ಹತ್ತಿದವಳಿಗೆ ಗಂಡು ಎಲ್ಲಿಂದ ತರೋಣ?" 2021–22ರಲ್ಲಿ ಬಾಯಿಬಿಟ್ಟು ಮಾತಾಡುವ ಮುಸ್ಲಿಂ ಹೆಂಗಸರ ಫೋಟೊಗಳನ್ನು ಆ್ಯಪಿನಲ್ಲಿ ಹರಾಜಿಗಿಟ್ಟರಲ್ಲ, ಅದನ್ನು ಕಂಡ ಮೇಲೆ ಮಗಳನ್ನು ಪ್ರಚಾರಕ್ಕೆ ಕಳಿಸಲು ಯಾವ ತಾಯಿಗೆ ಧೈರ್ಯ ಬರುತ್ತದೆ?

ನನಗೆ ಧೈರ್ಯ ಕೊಟ್ಟವರು ನಮ್ಮ ಬೀದಿಯ ಖಾಲಾ. ಬೀಡಿ ಕಟ್ಟುತ್ತಿದ್ದರು. ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಕಾಲ. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಹೆಂಗಸರಿಗೆ ಶೇ. 25 ಮೀಸಲಾತಿ ಇತ್ತು. ಹೆಬ್ಬೆಟ್ಟಿನವಳು, ಎದುರು ಮಾತಾಡುವುದಿಲ್ಲ ಎಂದುಕೊಂಡೇ ಊರಿನ ದೊಡ್ಡವರು ಖಾಲಾನ ನಿಲ್ಲಿಸಿದ್ದು. ಗೆದ್ದ ಮೇಲೂ ಸಭೆಗೆ ಕರೆಯುತ್ತಿರಲಿಲ್ಲ, ನಡಾವಳಿ ಪುಸ್ತಕವೇ ಮನೆಗೆ ಬರುತ್ತಿತ್ತು. ಖಾಲಾ ಬೀಡಿ ಮೊರ ಪಕ್ಕಕ್ಕಿಟ್ಟು, ಶಾಲೆಯಿಂದ ಬಂದ ನನ್ನನ್ನು ಕೂಗಿ ಓದಿಸುತ್ತಿದ್ದರು. ಒಂದು ಸಲ ಕೊನೆಯ ಠರಾವಿನ ಕೆಳಗೆ ನಾಲ್ಕು ಬೆರಳು ಜಾಗ ಖಾಲಿ.

"ಇಲ್ಲೇನು ಬರೆದಿದೆ?"

"ಏನೂ ಇಲ್ಲ ಖಾಲಾ."

"ಹಾಗಾದ್ರೆ ಗೀಟು ಎಳಿ ಬೇಟಿ. ಆಮೇಲೆ ಹೆಬ್ಬೆಟ್ಟು ಒತ್ತುತೀನಿ."

ಪುಸ್ತಕ ತಂದವನ ಮುಖ ನೋಡಬೇಕಿತ್ತು! ಆಮೇಲೆ ಪುಸ್ತಕ ಮನೆಗೆ ಬರಲಿಲ್ಲ. ಖಾಲಾನೇ ಬುರ್ಖಾ ಹಾಕಿಕೊಂಡು ಸಭೆಗೆ ಹೋಗಿ ಕೂತರು.

ಎಲ್ಲಿ ಹೋದರೂ ನಡಾವಳಿ ಅಂತ ಕೊರೆಯುತ್ತೇನೆಂದು ನನ್ನ ಮಕ್ಕಳೇ ನಗುತ್ತಾರೆ. ನಗಲಿ. ನೀವು ಡಿಗ್ರಿ ಓದಿದವರು, ರೀಲ್ಸ್‌ನಲ್ಲಿ ಚೆನ್ನಾಗಿಯೇ ಭಾಷಣ ಬಿಗಿಯುತ್ತೀರಿ. ನಿಮ್ಮೂರಲ್ಲಿ ಗ್ರಾಮಸಭೆ ಯಾವತ್ತು ನಡೆಯಿತು ಎಂದರೆ ಮುಖ ಮುಖ ನೋಡಿಕೊಳ್ಳುತ್ತೀರಿ.

ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆಯಾಯಿತು, 2021ಕ್ಕೆ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ಕಾರುಬಾರು. ಅರ್ಧ ಸ್ಥಾನ ಹೆಣ್ಣುಮಕ್ಕಳಿಗೇ ಇರುವ ಮೆಟ್ಟಿಲು ಅದು, ನನಗೆ ಹೊಟ್ಟೆ ಉರಿಯುತ್ತದೆ. ವಿಧಾನಸಭೆಯ ಮೂರನೇ ಒಂದು ಪಾಲು ಹೆಣ್ಣುಮಕ್ಕಳಿಗೆ ಎಂದು 2023ರಲ್ಲಿ ಕಾನೂನು ಬಂತು, ಜನಗಣತಿ, ಕ್ಷೇತ್ರ ಮರುವಿಂಗಡಣೆ ಆಗಲಿ ಎಂಬ ಷರತ್ತಿನೊಂದಿಗೆ. ಅದರೊಳಗೆ ಅಲ್ಪಸಂಖ್ಯಾತರಿಗೆ ಒಳಮೀಸಲಾತಿಯಿಲ್ಲ.

ಹಾಗಾಗಿ ಸದ್ಯಕ್ಕೆ ಗ್ರಾಮ ಪಂಚಾಯಿತಿ. 21 ವರ್ಷ ತುಂಬಿದ್ದರೆ ನಿಲ್ಲಬಹುದು. ಅಲ್ಲಿ ಪಕ್ಷದ ಚಿಹ್ನೆಯಿಲ್ಲ, ಬಿ ಫಾರಂಗೆ ಯಾರ ಮನೆ ಬಾಗಿಲೂ ಕಾಯಬೇಕಿಲ್ಲ. ಆದರೆ ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಮದುವೆಯಾಗಿ ಊರು ಬದಲಾಯಿಸಿದವರು ಫಾರಂ 8 ತುಂಬುವ ಕೆಲಸವನ್ನು ಗಂಡನಿಗೋ ಅಣ್ಣನಿಗೋ ಬಿಡಬೇಡಿ. ನೀವೇ ತುಂಬಿ, ಸ್ವೀಕೃತಿ ಇಸ್ಕೊಳ್ಳಿ, ಹೊಸ ಪಟ್ಟಿ ಬಂದ ಮೇಲೆ ಹೆಸರು ಸೇರಿದೆಯಾ ಅಂತ ಇನ್ನೊಮ್ಮೆ ನೋಡಿ.