ಹಾರುವ ಮೊದಲು ಇಳಿಯುವುದನ್ನು ಕಲಿಸೋಣ



ಈಗಷ್ಟೇ ಮಕ್ಕಳು ಈ ಅಂಗಳದಲ್ಲಿ ಲಾಗ ಹಾಕಿ ತೋರಿಸಿದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನನ್ನ ಕಣ್ಣು ಮಾತ್ರ ಅವರ ಪಾದಗಳ ಮೇಲಿತ್ತು. ಅದಕ್ಕೊಂದು ಕಾರಣವಿದೆ.

ಒಂಬತ್ತನೆಯ ತರಗತಿಯಲ್ಲಿದ್ದಾಗ ನಾನು ಕಮಲಾಪುರದ ನಮ್ಮ ತೋಟದ ಬಾವಿಗೆ ದಿನಾ ಲಾಗ ಹಾಕುತ್ತಿದ್ದೆ. ಅದೇ ಧೈರ್ಯದಲ್ಲಿ ಒಂದು ದಿನ ತೋಟದ ಗೋಡೆಯ ಮೇಲಿಂದ ಗಟ್ಟಿ ನೆಲಕ್ಕೆ ಜಿಗಿದೆ. ಮೊಣಕಾಲು ಬಗ್ಗಿಸಲಿಲ್ಲ, ಪಾದದ ಎಲುಬು ಮುರಿಯಿತು. ಅಪ್ಪ ಬಸ್ಸಿನಲ್ಲಿ ಆಗಿನ ಗುಲ್ಬರ್ಗಕ್ಕೆ ಹೊತ್ತುಕೊಂಡು ಹೋದರು. ಪ್ಲಾಸ್ಟರ್ ಹಾಕುತ್ತ ಡಾಕ್ಟರು, “ತಮ್ಮಾ, ನೆಲ ಅಂದ್ರ ನೀರೇನು?” ಎಂದರು. ಆ ಮಾತಿನ ಅರ್ಥ ನನಗೆ ತಿಳಿದದ್ದು ಮುಂದೆ ಅದೇ ಊರಿನಲ್ಲಿ ಬಿ.ಎಸ್ಸಿ. ಓದುವಾಗ.

ಲಾಗದ ಭವಿಷ್ಯ ನೆಲದ ಮೇಲೆಯೇ ತೀರ್ಮಾನವಾಗುತ್ತದೆ. ನಾವು ನೆಲವನ್ನು ಕೆಳಗೆ ಒತ್ತುತ್ತೇವೆ, ನೆಲ ನಮ್ಮನ್ನು ಅಷ್ಟೇ ಬಲದಿಂದ ಮೇಲೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಕಾಲು ನೆಲ ಬಿಟ್ಟ ಮೇಲೆ ಗುರುತ್ವ ಕೇಂದ್ರದ ದಾರಿಯನ್ನು ಬದಲಿಸಲು ನಮ್ಮಿಂದಾಗದು. ಮೈ ಮುದುಡಿದರೆ ಬೇಗ ತಿರುಗುತ್ತೇವೆ, ಚಾಚಿದರೆ ನಿಧಾನವಾಗುತ್ತೇವೆ. ಅಷ್ಟೇ ನಮ್ಮ ಕೈಯಲ್ಲಿರುವುದು.

ಇನ್ನು ಇಳಿಯುವ ಲೆಕ್ಕ. 1.25 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ ಸುಮಾರು 5 ಮೀಟರ್. ಕಾಲು ಸೆಟೆದು 5 ಸೆಂ.ಮೀ. ಒಳಗೆ ನಿಂತರೆ ಕಾಲಿನ ಮೇಲೆ ಬೀಳುವ ಸರಾಸರಿ ಬಲ ನಮ್ಮ ತೂಕದ ಸುಮಾರು 26 ಪಟ್ಟು. ಮೊಣಕಾಲು, ಸೊಂಟ ಬಗ್ಗಿಸಿ 50 ಸೆಂ.ಮೀ.ನಲ್ಲಿ ನಿಂತರೆ ಬರೀ ಮೂರೂವರೆ ಪಟ್ಟು. ಹುಡುಗ ಅವನೇ, ಎತ್ತರ ಅಷ್ಟೇ. ನಿಲ್ಲುವ ದೂರ ಮಾತ್ರ ಬೇರೆ. ಬಾವಿಯ ನೀರು ನನಗೆ ಕೊಡುತ್ತಿದ್ದದ್ದು ಆ ದೂರವನ್ನೇ. ನಮ್ಮ ಕೆಂಪು ಬಾಳೆಯ ಗೊನೆಯನ್ನು ಗಾಡಿಗೆ ಹೇರುವಾಗ ಕೆಳಗೆ ಒಣ ಎಲೆ ಹಾಸುವುದೂ ಇದಕ್ಕೇ. ಬಾಳೆಗೊನೆಗೆ ತೋರಿಸುವ ಕಾಳಜಿ ಮಕ್ಕಳ ಕಾಲಿಗೂ ಬೇಡವೇ?

2016ರ ರಿಯೋ ಒಲಿಂಪಿಕ್ಸ್‌ನ ವಾಲ್ಟ್ ಫೈನಲ್‌ನಲ್ಲಿ ಅಗರ್ತಲಾದ ದೀಪಾ ಕರ್ಮಾಕರ್, ಗಾಳಿಯಲ್ಲಿ ಎರಡು ಲಾಗ ಹಾಕುವ ಕಠಿಣವಾದ ‘ಪ್ರೊಡುನೋವಾ’ ಮಾಡಿದರು. ಇಳಿಯುವಾಗ ಬಹಳ ಕೆಳಕ್ಕೆ ಕುಸಿದರು. ಕೇವಲ 0.150 ಅಂಕದಲ್ಲಿ ಕಂಚು ತಪ್ಪಿ ನಾಲ್ಕನೆಯವರಾದರು. ಅಂಥವರಿಗೂ ಇಳಿಯುವುದೇ ಕಷ್ಟದ ಕೆಲಸ.

ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಗೆ ಕಮಾನು ಕಟ್ಟಿಸುವ ಮಾತು ನಡೆದಿದೆ. ಬೇಡ ಎನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಒಂದು ಮರಳಿನ ಗುಂಡಿ, ನಾಲ್ಕು ದಪ್ಪ ಗಾದಿ ಆಗಲಿ. ಮೊದಲ ಗಾದಿಯ ಖರ್ಚು ನನ್ನದು. ಈ ಕಾಲು ಇವತ್ತಿಗೂ ಚಳಿಗಾಲದಲ್ಲಿ ನೋಯುತ್ತದೆ. ಈ ಮಕ್ಕಳು ಐವತ್ತು ವರ್ಷದ ನಂತರ ಇದೇ ವೇದಿಕೆಯನ್ನು ನೋವಿಲ್ಲದೆ ಹತ್ತಲಿ.