ಹಿಡಿ ಮತ್ತು ಹಿಡಿತ

(ಬಾನುಲಿ ಭಾಷಣ)

ಮನೆಯ ಖರ್ಚನ್ನು ಕಡಿಮೆ ಮಾಡುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಆಹ್ವಾನ ಬಂದಾಗ ನನಗೆ ಮೊದಲು ತೋರಿದ್ದು ಇದು: ಈ ವಿಷಯದಲ್ಲಿ ಸಲಹೆ ಕೊಡುವವರು ಬಹಳ ಮಂದಿ, ಆದರೆ ಆ ಸಲಹೆಗಳೆಲ್ಲ ಹೋಗಿ ಸೇರುವ ವಿಳಾಸ ಒಂದೇ, ಅಡುಗೆಮನೆ. ಸ್ಕೂಟರು, ಸಿಗರೇಟು, ಸ್ನೇಹಿತರ ಜೊತೆಯ ಹೋಟೆಲು ಕಾಫಿ ಇವುಗಳ ಮೇಲೆ ಯಾರೂ ಇಷ್ಟು ಶ್ರದ್ಧೆಯಿಂದ ಉಪನ್ಯಾಸ ಮಾಡಿದ್ದನ್ನು ನಾನು ಕೇಳಿಲ್ಲ. ನಾನು ಅರ್ಥಶಾಸ್ತ್ರ ಓದಿದವಳಲ್ಲ. ಮೈಸೂರಿನ ಒಂದು ಮಧ್ಯಮ ವರ್ಗದ ಸಂಸಾರಕ್ಕೆ ನಲವತ್ತೈದು ವರ್ಷಕ್ಕೂ ಮೇಲ್ಪಟ್ಟು ದಿನಸಿ ಚೀಟಿ ಬರೆದವಳು. ಆ ಅಧಿಕಾರದಿಂದ ಮಾತನಾಡುತ್ತಿದ್ದೇನೆ.

ನಮ್ಮ ಕಡೆ ಸಂಸಾರ ತೂಗಿಸುವ ಹೆಣ್ಣನ್ನು ಹೊಗಳುವಾಗ ‘ಆಕೆಯ ಕೈಯಲ್ಲಿ ಹಿಡಿತ ಉಂಟು’ ಎನ್ನುತ್ತಾರೆ. ಹಿಡಿತ ಎಂಬ ಮಾತೂ ಹಿಡಿ ಎಂಬ ಮಾತೂ ಒಂದೇ ಬೇರಿನಿಂದ ಹುಟ್ಟಿದವು. ನಮ್ಮ ಅತ್ತೆಯವರು ಪ್ರತಿದಿನ ಪಾವಿನಲ್ಲಿ ಅಕ್ಕಿ ಅಳೆದು ಮೊರಕ್ಕೆ ಸುರಿದುಕೊಂಡ ಮೇಲೆ, ಅದರಿಂದ ಒಂದು ಹಿಡಿ ತೆಗೆದು ಬೇರೊಂದು ಗಡಿಗೆಗೆ ಹಾಕುತ್ತಿದ್ದರು. ಅನ್ನ ಕಡಿಮೆಯಾಯಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನ ಹಿಡಿಯನ್ನು ತಕ್ಕಡಿಗೆ ಹಾಕಿ ನೋಡಿದೆ. ಸುಮಾರು 50 ಗ್ರಾಂ ತೂಗಿತು. ತಿಂಗಳಿಗೆ ಒಂದೂವರೆ ಕಿಲೋ. ಸಂಬಳಕ್ಕೆ ಇನ್ನೂ ಮೂರು ದಿನ ಇರುವಾಗ ಊರಿನಿಂದ ನೆಂಟರು ಬಂದಿಳಿದರೆ ಆ ಗಡಿಗೆ ಬಾಯಿ ತೆರೆಯುತ್ತಿತ್ತು. ಈ ಪದ್ಧತಿಯ ಗುಟ್ಟು ಅಕ್ಕಿಯಲ್ಲಿಲ್ಲ, ಹೊತ್ತಿನಲ್ಲಿದೆ. ಅತ್ತೆಯವರು ತೆಗೆದಿಡುತ್ತಿದ್ದದ್ದು ಅಡುಗೆಗೆ ಮುಂಚೆ. ಖರ್ಚೆಲ್ಲ ಕಳೆದು ಉಳಿದದ್ದನ್ನು ಕೂಡಿಡುತ್ತೇನೆಂದು ಕಾಯುವವರ ಮನೆಯಲ್ಲಿ ಉಳಿಯುವುದು ಅಪರೂಪ.

ಅವರದೊಂದು ಲೆಕ್ಕದ ಪುಸ್ತಕ ನನ್ನ ಹತ್ತಿರ ಇದೆ, 1956ರದು. ಸೇರು, ಪಾವು, ಚಟಾಕುಗಳ ಲೆಕ್ಕ. ರೂಪಾಯಿ, ಆಣೆ, ಪೈಗಳ ಲೆಕ್ಕ. 1957ರ ಏಪ್ರಿಲ್ ಒಂದರಿಂದ ರೂಪಾಯಿಗೆ ನೂರು ನಯಾಪೈಸೆ ಎಂದಾಯಿತಷ್ಟೆ. ಅತ್ತೆಯವರು ಮಾತ್ರ ಕೊನೆಯವರೆಗೂ ನಾಲ್ಕಾಣೆ, ಎಂಟಾಣೆ ಎಂದೇ ಎನ್ನುತ್ತಿದ್ದರು. ಲೆಕ್ಕ ಬರೆಯುವುದೆಂದರೆ ನಮ್ಮಲ್ಲಿ ಅನೇಕರಿಗೆ ಅದು ಕೈ ಬಿಗಿಯವರ ಚಾಳಿ ಎಂಬ ತಾತ್ಸಾರ. ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದ ಗಾಂಧೀಜಿಯವರು ಬಸ್ಸಿನ ಚಾರ್ಜು, ಅಂಚೆ, ವೃತ್ತಪತ್ರಿಕೆಗೆ ಕೊಟ್ಟ ಪುಡಿಕಾಸು ಎಲ್ಲವನ್ನೂ ಬರೆದು, ಮಲಗುವ ಮುನ್ನ ಲೆಕ್ಕ ತಾಳೆ ನೋಡುತ್ತಿದ್ದರೆಂದು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಬರೆದ ಮಾತ್ರಕ್ಕೆ ಹಣ ಉಳಿಯದು, ನಿಜ. ಆದರೆ ಎಲ್ಲಿ ಸೋರುತ್ತಿದೆಯೆಂಬುದು ತಿಳಿಯುತ್ತದೆ. ಮತ್ತು ಅದು ನಾವು ಊಹಿಸಿದ ಜಾಗದಲ್ಲಿ ಇರುವುದಿಲ್ಲ. ನಮ್ಮ ಮನೆಯಲ್ಲಿ ಅಕ್ಕಿ ಬೇಳೆಯ ಮೊತ್ತ ಹೆಚ್ಚುಕಡಿಮೆ ಒಂದೇ ಸಮನೆ ನಡೆಯುತ್ತದೆ. ಏರಿಳಿಯುವುದೆಲ್ಲ ‘ಇಷ್ಟೇ ತಾನೆ’ ಎಂದು ತಂದ ಸಣ್ಣ ವಸ್ತುಗಳಲ್ಲಿ. ಇತ್ತೀಚೆಗೆ ಫೋನಿನಲ್ಲೇ ಹಣ ಸಂದಾಯವಾಗುವುದರಿಂದ ನೋಟು ಎಣಿಸಿ ಕೊಡುವಾಗಿನ ಆ ಒಂದು ಕ್ಷಣದ ಅಳುಕೂ ಇಲ್ಲವಾಗಿದೆ. ಎರಡು ಕಡ್ಡಿ ಕರಿಬೇವನ್ನು ಮನೆ ಬಾಗಿಲಿಗೆ ತರಿಸಿಕೊಂಡು, ಸೊಪ್ಪಿಗಿಂತ ಹೆಚ್ಚಿನ ಹಣವನ್ನು ತಂದ ಕೂಲಿಗೆ ತೆರುವ ಮನೆಗಳನ್ನು ನಾನು ಬಲ್ಲೆ.

ಇನ್ನು ಒಲೆಯ ವಿಷಯ. ಮನೆಬಳಕೆಯ ಗ್ಯಾಸ್ ಸಿಲಿಂಡರಿನಲ್ಲಿ ಇರುವುದು 14.2 ಕಿಲೋ ಅನಿಲ. ಅದು ಇಪ್ಪತ್ತೈದು ದಿನ ಬರುತ್ತದೆಯೋ ನಲವತ್ತು ದಿನ ಬರುತ್ತದೆಯೋ ಎಂಬುದು ಬಹುಮಟ್ಟಿಗೆ ಹಿಂದಿನ ರಾತ್ರಿಯೇ ತೀರ್ಮಾನವಾಗುತ್ತದೆ. ಕಡಲೆ, ಹುರುಳಿ, ಅವರೆಬೀಜವನ್ನು ಮಲಗುವ ಮುನ್ನ ನೆನೆಹಾಕಿದರೆ ಬೆಂಕಿ ಮಾಡಬೇಕಾದ ಕೆಲಸದಲ್ಲಿ ದೊಡ್ಡ ಪಾಲನ್ನು ನೀರು ಪುಕ್ಕಟೆಯಾಗಿ ಮಾಡಿಕೊಡುತ್ತದೆ. ನೀರು ಒಮ್ಮೆ ಕುದಿಯಲು ತೊಡಗಿದ ಮೇಲೆ ಉರಿಯನ್ನು ಎಷ್ಟು ದೊಡ್ಡದು ಮಾಡಿದರೂ ಅದು ಇನ್ನಷ್ಟು ಬಿಸಿಯಾಗದು. ಬೇಗ ಆವಿಯಾಗುತ್ತದೆ, ಅಷ್ಟೆ. ಕುಕ್ಕರಿನೊಳಗೆ ಮಾತ್ರ ಒತ್ತಡದಿಂದ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಅಲ್ಲಿ ಬೇಳೆ ಬೇಗ ಬೇಯುವುದು ಆ ಕಾರಣಕ್ಕೆ. ಅದು ಕೂಗುವುದೆಂದರೆ ನಾವು ಕಾಸು ಕೊಟ್ಟು ಕಾಯಿಸಿದ ಆವಿ ಹೊರಕ್ಕೆ ಹೋಯಿತೆಂದು ಅರ್ಥ. ಒಂದು ಕೂಗು ಬಂದೊಡನೆ ಉರಿ ಸಣ್ಣದು ಮಾಡಿ, ಆರಿಸಿದ ಮೇಲೂ ಮುಚ್ಚಳಕ್ಕೆ ಕೈಹಾಕದೆ ಹತ್ತು ನಿಮಿಷ ಬಿಟ್ಟರೆ ಒಳಗಿನ ಶಾಖವೇ ಉಳಿದ ಕೆಲಸ ಮುಗಿಸುತ್ತದೆ.

ಆದರೆ ಈ ವಿಜ್ಞಾನವನ್ನೆಲ್ಲ ಹೆಸರಿಡದೆಯೆ ಬಲ್ಲವರು ನಮ್ಮ ಹಿಂದಿನವರು. ಮೈಸೂರು, ಮಂಡ್ಯದ ಕಡೆಯ ಬಸ್ಸಾರನ್ನೇ ನೋಡಿ. ಸೊಪ್ಪನ್ನೂ ಕಾಳನ್ನೂ ಒಟ್ಟಿಗೆ ಬೇಯಿಸಿ, ಬಸಿದ ಕಟ್ಟಿನಿಂದ ಸಾರು, ಬಸಿದುಳಿದದ್ದರಿಂದ ಪಲ್ಯ. ಒಂದು ಉರಿಗೆ ಎರಡು ಅಡುಗೆ. ಬೆಂದ ನೀರಿನಲ್ಲಿ ಇಳಿದ ಸತ್ವವೂ ಚರಂಡಿಗೆ ಹೋಗಲಿಲ್ಲ. ನನ್ನ ತವರು ಸಾಗರದ ಕಡೆ. ಅಲ್ಲಿ ತಂಬುಳಿಗೆ ಒಲೆಯ ಹಂಗೇ ಇಲ್ಲವೆನ್ನಬಹುದು. ಹಿತ್ತಲಿನ ಒಂದೆಲಗವೋ ದೊಡ್ಡಪತ್ರೆಯೋ ಒಂದು ಹಿಡಿ ಕಿತ್ತು, ಕಾಯಿತುರಿಯ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಒಂದು ಹೊತ್ತಿನ ಊಟ ಸಾಗಿತು. ಕರಾವಳಿಯ ನಮ್ಮ ಬಂಧುಗಳ ಮನೆಯಲ್ಲಿ ಮಂಗಳೂರು ಸೌತೆಕಾಯಿಗಳನ್ನು ಬಾಳೆನಾರಿನಿಂದ ಕಟ್ಟಿ ಮಾಡಿನ ಅಡಿಯಲ್ಲಿ ತೂಗುಹಾಕುತ್ತಿದ್ದರು. ಹಲಸಿನ ಬೀಜಕ್ಕೆ ಕೆಮ್ಮಣ್ಣು ಬಳಿದು ಮಳೆಗಾಲಕ್ಕೆ ಕಾದಿಡುತ್ತಿದ್ದರು. ಕಲ್ಲಂಗಡಿಯ ಕೆಂಪು ತಿಂದಾದ ಮೇಲೆ ಸಿಪ್ಪೆಯ ಬಿಳಿಯ ಭಾಗ ಮರುದಿನ ದೋಸೆಯಾಗಿ ಬರುತ್ತಿತ್ತು. ತೊಗರಿಬೇಳೆಗೆ ಒಂದಿಷ್ಟು ಹರಳೆಣ್ಣೆ ಸವರಿ ಇಟ್ಟರೆ ಹುಳು ಹತ್ತಿರ ಬಾರದು. ಅನ್ನದ ಗಂಜಿ ಹತ್ತಿಯ ಸೀರೆಗೆ, ಅಕ್ಕಿ ತೊಳೆದ ನೀರು ಕೊಟ್ಟಿಗೆಗೆ. ಸವೆದ ಸೀರೆ ಉತ್ತರ ಕರ್ನಾಟಕದ ಕಡೆ ಕೌದಿಯಾಗಿ ಇನ್ನೊಂದು ಆಯುಸ್ಸು ಪಡೆಯುತ್ತಿತ್ತು. ಎಸೆಯುವುದೆಂಬ ಕ್ರಿಯಾಪದ ಆ ಮನೆಗಳಲ್ಲಿ ಬಲು ವಿರಳ.

ಇಷ್ಟನ್ನು ಹೇಳಿ ‘ಆ ಕಾಲವೇ ಚೆನ್ನ’ ಎಂದು ನಿಟ್ಟುಸಿರು ಬಿಡುವುದು ಸುಲಭ. ನಾನು ಹಾಗೆ ಮಾಡಲಾರೆ. ಏಕೆಂದರೆ ಆ ಕೆಮ್ಮಣ್ಣನ್ನು ಕಲಸುತ್ತಿದ್ದ ಕೈಗಳು ಯಾರವೆಂಬುದು ನನಗೆ ನೆನಪಿದೆ. ಉಳಿತಾಯದಲ್ಲಿ ಎರಡು ಬಗೆ. ಒಂದು, ಒಮ್ಮೆ ಮಾಡಿ ಮರೆಯಬಹುದಾದದ್ದು. 60 ವಾಟಿನ ಹಳೆಯ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್; ಅದರ ಜಾಗಕ್ಕೆ 9 ವಾಟಿನ ಎಲ್‌ಇಡಿ ಹಾಕಿದರೆ ಒಂದೂವರೆ ಯೂನಿಟ್ಟಿಗೂ ಕಡಿಮೆ. ಏಣಿ ಹತ್ತಿ ಬದಲಾಯಿಸುವುದು ಐದು ನಿಮಿಷದ ಕೆಲಸ, ಉಳಿತಾಯ ವರ್ಷಗಟ್ಟಲೆ. 2000 ವಾಟಿನ ಗೀಸರು ಅರ್ಧ ಗಂಟೆಗೆ ಒಂದು ಯೂನಿಟ್ ತಿನ್ನುತ್ತದೆ. ಸ್ನಾನಕ್ಕೆ ಹೋಗುವಾಗ ಆರಿಸಿದರೆ ಸಾಕು. ಇನ್ನೊಂದು ಬಗೆಯದು, ದಿನದಿನವೂ ಒಬ್ಬರ ಹೊತ್ತನ್ನು ಬೇಡುವಂಥದು. ಹೀರೇಕಾಯಿ ಸಿಪ್ಪೆಯ ಚಟ್ನಿಯಿಂದ ಉಳಿಯುವುದು ಹದಿನೈದೋ ಇಪ್ಪತ್ತೋ ರೂಪಾಯಿ. ಹೋಗುವುದು ಅರ್ಧ ಗಂಟೆ. ಆ ಅರ್ಧ ಗಂಟೆ ಯಾವ ಪುಸ್ತಕದಲ್ಲಿಯೂ ಖರ್ಚೆಂದು ಬೀಳುವುದಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ ಕಳೆಯುತ್ತಿದ್ದರು. ಆ ಕೆಲಸಕ್ಕೆ ಕೈಹಾಕುವ ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88 ಆಯಿತು. ಹೆಂಗಸರಿಗೆ ಹತ್ತು ನಿಮಿಷ ಬಿಡುವು ಸಿಕ್ಕಿತೆಂದು ಸಂತೋಷಪಡುವಷ್ಟರಲ್ಲಿ ಗಂಡಸರು ಒಂಬತ್ತು ನಿಮಿಷ ಹಿಂದಕ್ಕೆ ಪಡೆದಿದ್ದಾರೆ!

ಹೊತ್ತಿನ ಮಾತು ಹಾಗಿರಲಿ, ತಟ್ಟೆಯ ಮಾತು ಇನ್ನೂ ಕಠಿಣ. ಅತ್ತೆಯವರ ಆ ಪುಸ್ತಕದಲ್ಲಿ ಮಾವನವರ ನಶ್ಯಕ್ಕೆ ಒಂದು ಸಾಲಿದೆ, ಮಕ್ಕಳ ಸ್ಲೇಟು ಬಳಪಕ್ಕೆ ಇದೆ, ಹಸುವಿನ ಹಿಂಡಿಗೆ ಇದೆ, ದೇವರ ಹೂವಿಗೆ ಇದೆ. ಆಕೆಯ ಹೆಸರಿಗೆ ಇಡೀ ವರ್ಷದಲ್ಲಿ ಸಿಕ್ಕಿದ್ದು ಎರಡೇ ಸಾಲು: ಗೌರಿ ಹಬ್ಬದ ಸೀರೆ, ಹೆರಿಗೆಯ ಖರ್ಚು. ಎಲ್ಲರದೂ ಆದ ಮೇಲೆ ಅವರ ಊಟ. ಹುಳಿ ಸಾಲದ ದಿನ ನೀರು ಮಜ್ಜಿಗೆ, ಉಪ್ಪಿನಕಾಯಿ. ನಾನು ಸೊಸೆಯಾಗಿ ಬಂದ ಮೇಲೂ ಅದು ತಪ್ಪಲಿಲ್ಲ. ನನ್ನನ್ನು ಮೊದಲು ಕೂರಿಸಿ ತಾವು ಆಮೇಲೆ ಕೂರುತ್ತಿದ್ದರು. ಮುಪ್ಪಿನಲ್ಲಿ ವೈದ್ಯರು ರಕ್ತ ಕಡಿಮೆ ಎಂದು ಹೇಳಿದಾಗ ಮನೆಯವರೆಲ್ಲ ಆಶ್ಚರ್ಯಪಟ್ಟರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಕಂಡಿತು. ಅದಕ್ಕೆ ಕಾರಣಗಳು ಹಲವು ಇದ್ದಾವು. ಕೊನೆಯ ಪಂಕ್ತಿಯ ಊಟವೂ ಅವುಗಳಲ್ಲಿ ಒಂದೆಂದು ನನ್ನ ಗಟ್ಟಿ ನಂಬಿಕೆ. ಆದ್ದರಿಂದ ಯಾರಾದರೂ ‘ನಮ್ಮ ಮನೆಯಲ್ಲಿ ಹಾಲಿನ ಖರ್ಚು ಇಷ್ಟಕ್ಕೆ ಇಳಿಯಿತು’ ಎಂದು ಹೆಮ್ಮೆಪಟ್ಟರೆ ನಾನು ಕೇಳುವುದು ಒಂದೇ ಪ್ರಶ್ನೆ: ಯಾರ ಲೋಟದಿಂದ ಇಳಿಯಿತು?

ಸಾಸಿವೆ ಡಬ್ಬಿಯನ್ನು ಮರೆಯುವಂತಿಲ್ಲ. ತರಕಾರಿಯ ಚಿಲ್ಲರೆಯಲ್ಲಿ, ತವರಿನವರು ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದರಲ್ಲಿ ಉಳಿಸಿದ ನೋಟುಗಳನ್ನು ಮಡಿಸಿ ಸಾಸಿವೆಯ ತಳದಲ್ಲಿ ಹುದುಗಿಸುವ ವಿದ್ಯೆ ತಲೆಮಾರಿನಿಂದ ಬಂದದ್ದು. ಅದು ಕಳ್ಳತನವಲ್ಲ, ಸ್ವಂತ ಆದಾಯವಿಲ್ಲದವಳು ತನಗೆ ತಾನೇ ಬರೆದುಕೊಂಡ ವಿಮೆ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟುಗಳು ರದ್ದಾದಾಗ ಎಷ್ಟು ಮನೆಗಳಲ್ಲಿ ಆ ಡಬ್ಬಿಗಳು ಎಲ್ಲರ ಎದುರಿಗೆ ತೆರೆಯಬೇಕಾಯಿತು! ಗೃಹಿಣಿಯರು ಖಾತೆಗೆ ಕಟ್ಟುವ ಎರಡೂವರೆ ಲಕ್ಷದವರೆಗಿನ ಹಣವನ್ನು ಪ್ರಶ್ನಿಸುವುದಿಲ್ಲವೆಂದು ಸರ್ಕಾರ ಸಾರಿತು. ಸರ್ಕಾರ ಪ್ರಶ್ನಿಸಲಿಲ್ಲ ಸರಿ, ಮನೆಯವರು ಬಿಟ್ಟರೆ? ನಮ್ಮ ಬೀದಿಯಲ್ಲಿಯೇ ಒಬ್ಬಾಕೆ ಹದಿನಾರು ವರ್ಷ ಕೂಡಿಸಿದ್ದು ಹೊಸ ಟೆಲಿವಿಷನ್ನಾಗಿ ನಡುಮನೆಗೆ ಬಂದಿತು. ಆಕೆಗೆ ಬೇಕಾಗಿದ್ದದ್ದು ಮೊಣಕಾಲಿನ ಚಿಕಿತ್ಸೆ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ತಿಂಗಳಿಗೆ 2000 ರೂಪಾಯಿ ಮನೆಯೊಡತಿಯ ಖಾತೆಗೇ ಎಂದು ಗೊತ್ತುಮಾಡಿದ್ದನ್ನು ಟೀಕಿಸುವವರು ಟೀಕಿಸಲಿ. ಸಾಸಿವೆಯ ತಳದಿಂದ ಪಾಸುಬುಕ್ಕಿಗೆ ಬಂದ ಹಣಕ್ಕೆ ಬೇರೆಯದೇ ಒಂದು ಗೌರವ ಉಂಟು. ಈ ಕೆಲಸಕ್ಕೆ ಬೆಲೆ ಕಟ್ಟುವ ಸಂದರ್ಭ ನ್ಯಾಯಾಲಯಕ್ಕೂ ಬಂದಿತ್ತು. ಜಮ್‌ಶೆಡ್‌ಪುರದಲ್ಲಿ 1989ರಲ್ಲಿ ಆದ ಅಗ್ನಿದುರಂತದ ಪರಿಹಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2001ರಲ್ಲಿ ಮಡಿದ ಗೃಹಿಣಿಯರ ಸೇವೆಯನ್ನು, ಕಡಿಮೆ ಅಂದಾಜಿನಲ್ಲಿಯೇ, ತಿಂಗಳಿಗೆ 3000 ರೂಪಾಯಿಯೆಂದು ಎಣಿಸಿತು. ಬದುಕಿರುವಾಗ ಬೀಳದ ಲೆಕ್ಕ ಸತ್ತ ಮೇಲೆ ಬಿದ್ದಿತು.

ಹಾಗಾದರೆ ಎಲ್ಲಿ ಹಿಡಿಯಬಾರದು? ಕೆಲಸಕ್ಕೆ ಬರುವಾಕೆಯ ಸಂಬಳದಲ್ಲಿ. ಬುಟ್ಟಿ ಹೊತ್ತು ಬರುವ ಸೊಪ್ಪಿನವಳ ಕಂತೆಯಲ್ಲಿ. ಅಂಗಡಿಯ ಹೊಳೆಯುವ ಪೊಟ್ಟಣದ ಮೇಲಿನ ಬೆಲೆಗೆ ತಲೆಬಾಗುವ ನಾವು ಅವಳ ಹತ್ತಿರ ಮಾತ್ರ ಎರಡು ರೂಪಾಯಿಗೆ ವಾದಿಸುತ್ತೇವೆ. ಔಷಧದಲ್ಲಿ. ವಾರಪತ್ರಿಕೆಯಲ್ಲಿ ಎಂದೂ ಸೇರಿಸುತ್ತೇನೆ, ಪಕ್ಷಪಾತವೆನ್ನಿಸಿದರೆ ಎನ್ನಿಸಲಿ.

ನಮ್ಮ ಯಜಮಾನರು ನಿವೃತ್ತರಾದ ಮೇಲೆ ಲೆಕ್ಕದ ಪುಸ್ತಕವನ್ನು ಅವರ ಕೈಗೆ ಕೊಟ್ಟೆ. ಮೊದಲ ತಿಂಗಳು 340 ರೂಪಾಯಿ ತಾಳೆಯಾಗದೆ ‘ಇತರೆ’ ಎಂದು ಬರೆದರು. ಇತರೆ ಎಂಬ ಅಂಗಡಿ ನಮ್ಮ ಊರಿನಲ್ಲಿ ಎಲ್ಲಿದೆಯೆಂದು ಕೇಳಿದೆ. ಈಗ ಸಣ್ಣ ಚೀಟಿಗಳನ್ನು ಜೇಬಿನಲ್ಲಿ ಇಟ್ಟುಕೊಂಡು ಬರುತ್ತಾರೆ. ಹೀರೇಕಾಯಿ ಹೆರೆಯುವ ಕೆಲಸವೂ ಅವರದೇ. ನಿಮ್ಮ ಮನೆಯಲ್ಲಿಯೂ ಅಂಥ ನಿವೃತ್ತರು ಇರಬಹುದು. ಅವರಿಗಾಗಿ ವಿಧಾನವನ್ನು ಹೇಳುತ್ತೇನೆ. ಎಳೆಯ ಕಾಯಿಯ ಸಿಪ್ಪೆಯನ್ನು ತೊಳೆದು ಸಣ್ಣಗೆ ಹೆಚ್ಚಿ, ಒಂದು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಪಸೆ ಆರುವವರೆಗೆ ಬಾಡಿಸಬೇಕು. ಉದ್ದಿನಬೇಳೆ, ಒಣಮೆಣಸಿನಕಾಯಿ ಬೇರೆ ಹುರಿದುಕೊಂಡು, ಹುಣಿಸೆ, ಉಪ್ಪು, ಎರಡು ಚಮಚ ಕಾಯಿತುರಿ ಸೇರಿಸಿ ತರಿತರಿಯಾಗಿ ರುಬ್ಬಿ, ಸಾಸಿವೆ ಒಗ್ಗರಣೆ ಕೊಟ್ಟರೆ ಮುಗಿಯಿತು.