ತಾಯಿಯ ಖಿನ್ನತೆ ಮತ್ತು ಮಗುವಿನ ಮನಸ್ಸು: ಗ್ರಾಮ ಪಂಚಾಯಿತಿಯ ಹೊಣೆ
(ಉಪನ್ಯಾಸದ ಪಠ್ಯ)



ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆಯರು 42 ದಿನಗಳೊಳಗೆ ಹಲವು ಬಾರಿ, ಅನಂತರ 3, 6, 9, 12 ಮತ್ತು 15ನೆಯ ತಿಂಗಳಿನಲ್ಲಿ ಭೇಟಿ ನೀಡುತ್ತಾರೆ. ಮಗುವಿನ ತೂಕ, ಲಸಿಕೆ, ಆಹಾರಗಳ ವಿಚಾರಣೆ ನಡೆಯುತ್ತದೆ. ತಾಯಿಯ ಮನಸ್ಸಿನ ವಿಚಾರಣೆ ಮಾತ್ರ ಎಷ್ಟೋ ಬಾರಿ ಉಳಿದುಹೋಗುತ್ತದೆ.

ಹೆರಿಗೆಯ ನಂತರ ಕೆಲವು ದಿನ ಕಣ್ಣೀರು, ಬೇಸರ ಸಹಜ. ಎರಡು ವಾರ ಮೀರಿಯೂ ದುಃಖ, ನಿರಾಸಕ್ತಿ, ನಿದ್ರಾಹೀನತೆ, ತನ್ನಿಂದ ಏನೂ ಆಗದೆಂಬ ಭಾವ ಮುಂದುವರಿದರೆ ಅದು ಖಿನ್ನತೆಯಾಗಿರಬಹುದು. ಅದನ್ನು ಸೋಮಾರಿತನವೆಂದೋ ಗಾಳಿ ಸೋಕಿದೆಯೆಂದೋ ಬಗೆದರೆ ಚಿಕಿತ್ಸೆ ತಡವಾಗುತ್ತದೆ.

ಆ ತಡದ ಭಾರ ಮಗುವಿನ ಮೇಲೆಯೂ ಬೀಳುತ್ತದೆ. ಮಗು ನಕ್ಕಾಗ ನಕ್ಕು, ಅತ್ತಾಗ ಓಗೊಡುವವರಿಂದಲೇ ಅದು ಮಾತನ್ನೂ ಭಾವನೆಗಳ ಹತೋಟಿಯನ್ನೂ ಕಲಿಯುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ಪ್ರದೇಶದಲ್ಲಿ 1991-92ರಲ್ಲಿ ಜನಿಸಿದ ಮಕ್ಕಳನ್ನು ದೀರ್ಘಕಾಲ ಗಮನಿಸಿದ ಅಧ್ಯಯನವು ಇದನ್ನು ತೋರಿಸಿದೆ. ತಾಯಿಯ ಖಿನ್ನತೆಯು ತೀವ್ರವಾಗಿದ್ದು ತಿಂಗಳುಗಟ್ಟಲೆ ಉಳಿದಿದ್ದ ಮನೆಗಳ ಮಕ್ಕಳಲ್ಲಿ ಎಳವೆಯಲ್ಲಿ ನಡವಳಿಕೆಯ ತೊಂದರೆ, 16ರಲ್ಲಿ ಗಣಿತದ ಕಡಿಮೆ ಅಂಕ, 18ರಲ್ಲಿ ಖಿನ್ನತೆ ಹೆಚ್ಚಾಗಿ ಕಂಡುಬಂದವು.

ಇದು ಪ್ರತಿ ಮಗುವಿನ ಹಣೆಬರಹವಲ್ಲ; ತಾಯಿಯ ತಪ್ಪೂ ಅಲ್ಲ. ಬಡತನ, ಗಂಡನ ಹಿಂಸೆ, ಗಂಡುಮಗುವಿನ ನಿರೀಕ್ಷೆಯಿದ್ದಾಗ ಹೆಣ್ಣು ಹುಟ್ಟಿದ್ದಕ್ಕೆ ಬರುವ ಚುಚ್ಚುಮಾತು ಖಿನ್ನತೆಗೆ ಕಾರಣವಾಗುವುದನ್ನು ಗೋವಾದ ಅಧ್ಯಯನವು ಗುರುತಿಸಿದೆ. ಚಿಕಿತ್ಸೆಯಿಂದ ತಾಯಿ ಚೇತರಿಸಿಕೊಂಡಾಗ ಮಕ್ಕಳ ಮಾನಸಿಕ ತೊಂದರೆಯೂ ಇಳಿದುದನ್ನು ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಅಧ್ಯಯನವು ದಾಖಲಿಸಿದೆ.

ಆದುದರಿಂದ ಖಿನ್ನತೆಯ ಅವಧಿಯನ್ನು ಮೊಟಕುಗೊಳಿಸುವುದೇ ಮಗುವಿಗೆ ನೀಡುವ ರಕ್ಷಣೆ. ಪಂಚಾಯಿತಿಯು ಕೈಗೊಳ್ಳಬಹುದಾದ ಕ್ರಮಗಳು ಇವು:

1. ಪ್ರತಿ ಮನೆಭೇಟಿಯಲ್ಲಿ ತಾಯಿಯ ನಿದ್ರೆ, ಊಟ, ಮನಸ್ಸಿನ ಸ್ಥಿತಿಯನ್ನು ಪ್ರತ್ಯೇಕವಾಗಿ ವಿಚಾರಿಸುವಂತೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ ನಿರ್ಣಯಿಸುವುದು.

2. ಲಕ್ಷಣವಿರುವವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು. ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ನ್ನು ಅಂಗನವಾಡಿಯ ಗೋಡೆಯ ಮೇಲೆ ಬರೆಯಿಸುವುದು.

3. ತನಗೋ ಮಗುವಿಗೋ ಹಾನಿ ಮಾಡುವ ಮಾತು ತಾಯಿಯಿಂದ ಬಂದರೆ ಆಕೆಯನ್ನು ಒಂಟಿಯಾಗಿ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯುವುದು.

4. ಯಾವ ಸಭೆಯಲ್ಲಿಯೂ ತಾಯಿಯ ಹೆಸರನ್ನು ಪ್ರಸ್ತಾಪಿಸದಿರುವುದು. ಗುಟ್ಟು ರಟ್ಟಾಗುವ ಊರಿನಲ್ಲಿ ಯಾವ ತಾಯಿಯೂ ಬಾಯಿಬಿಡುವುದಿಲ್ಲ.

5. ಗಂಡ, ಅತ್ತೆ, ನೆರೆಹೊರೆಯವರು ಮಗುವಿನ ಆರೈಕೆಯಲ್ಲಿ ಕೈಜೋಡಿಸುವಂತೆ ಮಹಿಳಾ ಗ್ರಾಮಸಭೆಯಲ್ಲಿಯೂ ಸ್ವಸಹಾಯ ಸಂಘಗಳಲ್ಲಿಯೂ ತಿಳಿವಳಿಕೆ ನೀಡುವುದು.

ಮಗುವಿನ ತೂಕವನ್ನು ಬರೆದುಕೊಳ್ಳುವ ಕೈ, ತಾಯಿಯತ್ತ ತಿರುಗಿ "ನೀನು ಹೇಗಿದ್ದೀಯಮ್ಮ?" ಎಂದು ಕೇಳಲು ಹೆಚ್ಚಿನ ಅನುದಾನ ಬೇಕಿಲ್ಲ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಸ್ಥಾನ ದೊರೆಯಲಿ.